ಕ್ಯೂಬಿಟ್ ಹಿಡಿತಕ್ಕೆ ತರುವುದು, ಅದರ ಮೇಲೆ ರಿಕರ್ಶನ್ ಕಟ್ಟುವುದು: ಮನೆಯಲ್ಲೇ ಕೂತು ಕಲಿಯುವವರಿಗೆ

ಶಿರಸಿಯಲ್ಲೋ ಕುಮಟಾದಲ್ಲೋ ಕಾರವಾರದಲ್ಲೋ ಬಿಎಸ್ಸಿ, ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಕ್ವಾಂಟಮ್ ಕಂಪ್ಯೂಟಿಂಗ್ ವಿಷಯ ಬಂದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ. ಇದಕ್ಕೆ ಬೆಂಗಳೂರಿಗೇ ಹೋಗಬೇಕಾ? ಯಂತ್ರದ ಪಕ್ಕ ನಿಂತು ಕೆಲಸ ಮಾಡಬೇಕು ಅಂದರೆ ಹೌದು. ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ 6003.65 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು, ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಆದರೆ ಕಲಿಯುವುದಕ್ಕೆ ಅಲ್ಲಿಗೆ ಹೋಗಬೇಕಿಲ್ಲ. ಮನೆಯ ಜಗಲಿ ಮೇಲೆ ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಈ ಲೇಖನದ ಪ್ರತಿ ಲೆಕ್ಕವನ್ನೂ ನೀವೇ ಮಾಡಿ ನೋಡಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯೂಬಿಟ್ಟನ್ನು, ಅಂದರೆ ಕ್ವಾಂಟಮ್ ಕಂಪ್ಯೂಟರಿನ ಬಿಟ್ಟನ್ನು, ಪಲ್ಸ್ (ಮೈಕ್ರೋವೇವ್ ಅಥವಾ ಲೇಸರಿನ ಚಿಕ್ಕ ಹೊಡೆತ) ಕೊಟ್ಟು ನಿಯಂತ್ರಿಸುವುದನ್ನು ಫಿಸಿಕ್ಸ್‌ನವರು ಕಲಿಸುತ್ತಾರೆ, ಅಲ್ಗಾರಿದಮ್ಮನ್ನು ಕಂಪ್ಯೂಟರ್ ಸೈನ್ಸ್‌ನವರು ಕಲಿಸುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಮಕ್ಕಳು ಓದಿಕೊಳ್ಳುತ್ತಾರೆ. ರಿಕರ್ಶನ್ ಇರುವ, ಅಂದರೆ ತನ್ನೊಳಗೆ ತನ್ನನ್ನೇ ಮತ್ತೆ ಮತ್ತೆ ಕರೆಯುವ, ಕ್ವಾಂಟಮ್ ಅಲ್ಗಾರಿದಮ್ ಬರೆಯಲು ಹೊರಟ ದಿನ ಈ ಗೋಡೆ ಬೀಳುತ್ತದೆ. ರಿಕರ್ಶನ್ ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದು ನಿಮ್ಮ ಪಲ್ಸ್ ಎಷ್ಟು ಚೆನ್ನಾಗಿದೆ, ಕ್ಯೂಬಿಟ್ ಎಷ್ಟು ಹೊತ್ತು ಬದುಕುತ್ತದೆ ಅನ್ನುವುದರ ಮೇಲೆಯೇ ನಿಂತಿದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಕಲಿಯಿರಿ.

ತಯಾರಿ

ಪೈಥಾನ್ ಭಾಷೆ, ಅದರಲ್ಲಿ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ನಂಪೈ, ಕ್ವಾಂಟಮ್ ಸಿಮ್ಯುಲೇಶನ್‌ಗೆ ಕ್ಯೂಟಿಪ್. ಇಷ್ಟು ಸಾಕು. ಮೂರೂ ಉಚಿತ. ಕ್ವಾಂಟಮ್ ಸರ್ಕ್ಯೂಟ್ ಬರೆಯಲು ಬೇಕಾದರೆ ಐಬಿಎಂನ ಕ್ವಿಸ್ಕಿಟ್ ಹಾಕಿಕೊಳ್ಳಿ, ಆದರೆ ಒಂದು ಎಚ್ಚರ: ಐಬಿಎಂ ತನ್ನ ಯಂತ್ರಗಳಲ್ಲಿ ಪಲ್ಸ್ ಮಟ್ಟದ ನಿಯಂತ್ರಣವನ್ನು 2025ರಲ್ಲಿ ನಿಲ್ಲಿಸಿದೆ, ಕ್ವಿಸ್ಕಿಟ್ 2.0ರಲ್ಲಿ ಪಲ್ಸ್ ಭಾಗವೇ ಇಲ್ಲ. ಹಳೆ ವಿಡಿಯೋ ನೋಡಿಕೊಂಡು ಅದೇ ಕೋಡ್ ಹೊಡೆದರೆ ಓಡುವುದಿಲ್ಲ, ತಪ್ಪು ನಿಮ್ಮದಲ್ಲ. ಪಲ್ಸ್ ಪಾಠಕ್ಕೆ ಕ್ಯೂಟಿಪ್ಪೇ ಸರಿ.

ಮೆಮೊರಿಯ ಲೆಕ್ಕ ಹೀಗಿದೆ. ಒಂದು ಕ್ಯೂಬಿಟ್ ಹೆಚ್ಚಿದರೆ ಬೇಕಾಗುವ ಮೆಮೊರಿ ಎರಡರಷ್ಟಾಗುತ್ತದೆ. 25 ಕ್ಯೂಬಿಟ್‌ಗಳ ಪೂರ್ತಿ ಸ್ಥಿತಿ ಹಿಡಿಯಲು 512 ಎಂಬಿ, 28ಕ್ಕೆ 4 ಜಿಬಿ, 30ಕ್ಕೆ 16 ಜಿಬಿ. ನಮಗೆ ಇಲ್ಲಿ ಒಂದರಿಂದ ಮೂರು ಕ್ಯೂಬಿಟ್ ಸಾಕು, ಹಾಗಾಗಿ ಹಳೆ ಲ್ಯಾಪ್‌ಟಾಪ್ ಅಂತ ಹಿಂಜರಿಯಬೇಡಿ. ಘಟ್ಟದ ಮೇಲಿನವರಿಗೆ ಇನ್ನೊಂದು ಮಾತು: ಜೂನ್ ಶುರುವಾಗುವ ಮೊದಲೇ ಎಲ್ಲ ಪ್ಯಾಕೇಜ್ ಇಳಿಸಿಟ್ಟುಕೊಳ್ಳಿ, ಪ್ರತಿ ಸಲ ಓಡಿಸಿದ ಫಲಿತಾಂಶವನ್ನು ಫೈಲಿಗೆ ಬರೆಯುವ ಸಾಲನ್ನು ಕೋಡಿನಲ್ಲೇ ಸೇರಿಸಿ. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡನ್ನೂ ನಂಬಿ ಕೂರಲು ಆಗುವುದಿಲ್ಲ.

ಮೊದಲ ಹೆಜ್ಜೆ: ಒಂದು ಕ್ಯೂಬಿಟ್, ಒಂದು ಪಲ್ಸ್

ಕ್ಯೂಬಿಟ್ ಅಂದರೆ ಎರಡು ಸಂಖ್ಯೆಗಳ ಪಟ್ಟಿ. ಸೊನ್ನೆಗೆ ಒಂದು, ಒಂದಕ್ಕೆ ಇನ್ನೊಂದು. ಎರಡೂ ಕಾಂಪ್ಲೆಕ್ಸ್ ಸಂಖ್ಯೆಗಳು. ಅವುಗಳ ಗಾತ್ರದ ವರ್ಗ ತೆಗೆದರೆ ಅಳೆದಾಗ ಯಾವ ಉತ್ತರ ಎಷ್ಟು ಸಲ ಬರುತ್ತದೆ ಅನ್ನುವುದು ಸಿಗುತ್ತದೆ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ಟಿಗೆ ಸುಮಾರು 5 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಪಲ್ಸ್ ಕೊಡುತ್ತಾರೆ, ಬಂಧಿಸಿಟ್ಟ ಅಯಾನಿಗೆ ಲೇಸರ್ ಬಿಡುತ್ತಾರೆ. ಗಣಿತ ಎರಡಕ್ಕೂ ಒಂದೇ.

ಪಲ್ಸ್ ಕೊಡುತ್ತಿದ್ದ ಹಾಗೆ ಕ್ಯೂಬಿಟ್ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಮತ್ತೆ ಸೊನ್ನೆಗೆ ತಿರುಗುತ್ತಾ ಇರುತ್ತದೆ. ಇದಕ್ಕೆ ರಾಬಿ ಆಂದೋಲನ ಅಂತ ಹೆಸರು. ತಿರುಗುವ ವೇಗ 10 ಮೆಗಾಹರ್ಟ್ಸ್ ಅಂದುಕೊಳ್ಳಿ. ಒಂದು ಪೂರ್ತಿ ಸುತ್ತಿಗೆ 100 ನ್ಯಾನೋಸೆಕೆಂಡ್. ಅರ್ಧ ಸುತ್ತಿಗೆ, ಅಂದರೆ 180 ಡಿಗ್ರಿಗೆ, 50 ನ್ಯಾನೋಸೆಕೆಂಡ್. ಅಲ್ಲಿ ಪಲ್ಸ್ ನಿಲ್ಲಿಸಿದರೆ ಸೊನ್ನೆ ಪೂರ್ತಿ ಒಂದಾಗಿರುತ್ತದೆ. ಅದರ ಅರ್ಧ ಹೊತ್ತು ಕೊಟ್ಟರೆ 90 ಡಿಗ್ರಿ, ಆಗ ಎರಡೂ ಸಮ.

ಇದನ್ನು ಕ್ಯೂಟಿಪ್‌ನಲ್ಲಿ ಮಾಡಿ, ಗ್ರಾಫ್ ಬಿಡಿಸಿ. ಆಮೇಲೆ ಪಲ್ಸಿನ ಫ್ರೀಕ್ವೆನ್ಸಿಯನ್ನು ಬೇಕೆಂದೇ 1 ಮೆಗಾಹರ್ಟ್ಸ್ ತಪ್ಪಿಸಿ ನೋಡಿ. ತುದಿ ಶೇ 99ಕ್ಕೇ ನಿಲ್ಲುತ್ತದೆ. 10 ಮೆಗಾಹರ್ಟ್ಸ್ ತಪ್ಪಿಸಿ. ಏನೇ ಮಾಡಿದರೂ ಶೇ 50 ದಾಟುವುದಿಲ್ಲ. ಪಲ್ಸ್ ಇನ್ನೂ ಜಾಸ್ತಿ ಹೊತ್ತು ಕೊಟ್ಟರೆ ಸರಿಹೋಗುತ್ತದೆ ಅಂತ ಅನ್ನಿಸುವುದು ಸಹಜ, ಆದರೆ ಹೋಗುವುದಿಲ್ಲ. ಈ ಗ್ರಾಫ್ ಒಮ್ಮೆ ನಿಮ್ಮ ಕೈಯಿಂದ ಬಂದರೆ ಫ್ರೀಕ್ವೆನ್ಸಿ ಯಾಕೆ ಮೊದಲು ಅನ್ನುವುದು ಮರೆಯುವುದಿಲ್ಲ.

ಎರಡನೇ ಹೆಜ್ಜೆ: ಕ್ಯಾಲಿಬ್ರೇಶನ್, ಈ ಕ್ರಮದಲ್ಲೇ

ಕ್ಯಾಲಿಬ್ರೇಶನ್ ಅಂದರೆ ಪಲ್ಸನ್ನು ಅಳೆದು ಸರಿಹೊಂದಿಸುವುದು. ಮೊದಲು ಫ್ರೀಕ್ವೆನ್ಸಿ, ಆಮೇಲೆ ಪಲ್ಸಿನ ಬಲ, ಕೊನೆಗೆ ಪಲ್ಸಿನ ಆಕಾರ. ಕ್ರಮ ತಪ್ಪಿಸಿದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತದೆ, ಆಮೇಲೆ ಬಿಡಿಸಲು ಒದ್ದಾಟ.

ಫ್ರೀಕ್ವೆನ್ಸಿಗೆ ರಾಮ್ಸೆ ಪ್ರಯೋಗ. ಒಂದು 90 ಡಿಗ್ರಿ ಪಲ್ಸ್ ಕೊಡಿ, ಸುಮ್ನೆ ಬಿಡಿ, ಇನ್ನೊಂದು 90 ಡಿಗ್ರಿ ಪಲ್ಸ್ ಕೊಟ್ಟು ಅಳೆಯಿರಿ. ನಡುವಿನ ಬಿಡುವನ್ನು ಸ್ವಲ್ಪ ಸ್ವಲ್ಪ ಉದ್ದ ಮಾಡುತ್ತಾ ಹೋದರೆ ಅಲೆ ಕಾಣುತ್ತದೆ. ಆ ಅಲೆಯ ವೇಗವೇ ನಿಮ್ಮ ತಪ್ಪಿನ ಅಳತೆ. ಜಾಣ ಉಪಾಯ ಏನೆಂದರೆ ನೀವೇ ಬೇಕೆಂದು 1 ಮೆಗಾಹರ್ಟ್ಸ್ ಸರಿಸಿ ಶುರು ಮಾಡುವುದು. ಅಲೆ 1.2 ಮೆಗಾಹರ್ಟ್ಸ್ ತೋರಿಸಿದರೆ ತಪ್ಪು 0.2, ನೀವು ಸರಿಸಿದ ಕಡೆಗೇ ಇದೆ. 0.8 ತೋರಿಸಿದರೆ ಉಲ್ಟಾ ಕಡೆಗೆ. ಸರಿಸದೆ ಮಾಡಿದರೆ ಯಾವ ಕಡೆ ಅಂತ ತಿಳಿಯುವುದೇ ಇಲ್ಲ.

ಬಲಕ್ಕೆ ಒಂದೇ ಪಲ್ಸ್ ನೋಡಿದರೆ ಸಾಲದು. ಲೆಕ್ಕ ನೋಡಿ: ಬಲ ಶೇ 1 ಜಾಸ್ತಿ ಇದ್ದರೆ ಒಂದು ಪಲ್ಸಿನ ತಪ್ಪು ಶೇ 0.025 ಮಾತ್ರ. ಸಾವಿರ ಸಲ ಅಳೆದರೂ ಅದು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅದೇ ಪಲ್ಸನ್ನು ಬೆನ್ನು ಬೆನ್ನಿಗೆ 21 ಸಲ ಕೊಡಿ, ತಪ್ಪು ಶೇ 10.5ಕ್ಕೆ ಏರುತ್ತದೆ, ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಸಣ್ಣ ತಪ್ಪನ್ನು ದೊಡ್ಡದು ಮಾಡಿ ಅಳೆದು, ಆಮೇಲೆ ಸರಿ ಮಾಡುವುದು: ಕ್ಯಾಲಿಬ್ರೇಶನ್ನಿನ ಅರ್ಧ ಗುಟ್ಟು ಇಷ್ಟೇ.

ಆಕಾರದ ವಿಷಯ ಚಿಕ್ಕದಾಗಿ. ನಿಜವಾದ ಕ್ಯೂಬಿಟ್ಟಿಗೆ ಸೊನ್ನೆ, ಒಂದರ ಮೇಲೆ ಎರಡನೇ ಮಟ್ಟವೂ ಇರುತ್ತದೆ. ಚೌಕಾಕಾರದ ಚಿಕ್ಕ ಪಲ್ಸ್ ಕೊಟ್ಟರೆ ಸ್ವಲ್ಪ ಭಾಗ ಅಲ್ಲಿಗೆ ಸೋರುತ್ತದೆ. ಮೆತ್ತಗೆ ಏರಿ ಮೆತ್ತಗೆ ಇಳಿಯುವ ಪಲ್ಸ್ ಹಾಕಿ, ಅದರ ಜೊತೆ ಅದರ ಏರಿಳಿತದ ವೇಗಕ್ಕೆ ತಕ್ಕ ಇನ್ನೊಂದು ಚಿಕ್ಕ ಪಲ್ಸನ್ನು 90 ಡಿಗ್ರಿ ಫೇಸಿನಲ್ಲಿ (ಅಂದರೆ ಅಲೆಯನ್ನು ಕಾಲು ಸುತ್ತು ಸರಿಸಿ) ಸೇರಿಸುವುದು 2009ರಲ್ಲಿ ಬಂದ ಡ್ರ್ಯಾಗ್ ವಿಧಾನ. ಕ್ಯೂಟಿಪ್‌ನಲ್ಲಿ ಮೂರು ಮಟ್ಟ ಇಟ್ಟುಕೊಂಡು ಮಾಡಿ ನೋಡಬಹುದು, ಒಳ್ಳೆ ಅಭ್ಯಾಸ.

ಮೂರನೇ ಹೆಜ್ಜೆ: ಪಲ್ಸಿಗೇ ರಿಕರ್ಶನ್

ಈಗ ಮುಖ್ಯ ವಿಷಯಕ್ಕೆ ಬಂದೆವು. ಇದು ನನಗೆ ತುಂಬಾ ಇಷ್ಟದ ಭಾಗ, ನಿಧಾನವಾಗಿ ಓದಿ.

ನಿಮ್ಮ ಹತ್ತಿರ ಒಂದು ಕೆಟ್ಟ ಪಲ್ಸ್ ಇದೆ. ಸೊನ್ನೆಯನ್ನು ಒಂದಕ್ಕೆ ಒಯ್ಯಬೇಕು, ಆದರೆ ಬಲ ಶೇ 20 ತಪ್ಪಿದೆ. 180 ಡಿಗ್ರಿ ಬದಲು 216 ತಿರುಗುತ್ತದೆ. ಸೋಲುವ ಸಾಧ್ಯತೆ ಶೇ 9.55. ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ ಅನ್ನುವುದು ನಿಮಗೆ ಗೊತ್ತಿಲ್ಲ. ಆದರೂ ಅದೇ ಕೆಟ್ಟ ಪಲ್ಸಿನಿಂದಲೇ ಒಳ್ಳೆ ಪಲ್ಸ್ ಕಟ್ಟಬಹುದು. ಹೀಗೆ:

1. ಪಲ್ಸ್ ಕೊಡಿ.
2. ಒಂದು ಅನ್ನುವ ಸ್ಥಿತಿಗೆ ಮಾತ್ರ 60 ಡಿಗ್ರಿ ಫೇಸ್ ಸೇರಿಸಿ, ಅಂದರೆ ಅದರ ಕಾಂಪ್ಲೆಕ್ಸ್ ಸಂಖ್ಯೆಯನ್ನು ಗಾತ್ರ ಬದಲಿಸದೆ 60 ಡಿಗ್ರಿ ತಿರುಗಿಸಿ.
3. ಅದೇ ಪಲ್ಸನ್ನು ಉಲ್ಟಾ ದಿಕ್ಕಿಗೆ ಕೊಡಿ.
4. ಸೊನ್ನೆ ಅನ್ನುವ ಸ್ಥಿತಿಗೆ ಮಾತ್ರ 60 ಡಿಗ್ರಿ ಫೇಸ್ ಸೇರಿಸಿ.
5. ಮತ್ತೆ ಮೊದಲಿನ ಪಲ್ಸ್ ಕೊಡಿ.

ಇಷ್ಟು ಮಾಡಿದರೆ ಸೋಲಿನ ಸಾಧ್ಯತೆ ಅದರ ಘನಕ್ಕೆ ಇಳಿಯುತ್ತದೆ. 0.0955 ಇದ್ದದ್ದು 0.00087 ಆಗುತ್ತದೆ. ಈಗ ಈ ಐದೂ ಸಾಲನ್ನು ಒಟ್ಟಿಗೆ ಒಂದು ಹೊಸ ಪಲ್ಸ್ ಅಂದುಕೊಂಡು ಅದರ ಮೇಲೆ ಅದೇ ಐದು ಸಾಲು ಮತ್ತೆ ಹಾಕಿ. ಘನದ ಘನ. ಸೋಲು ನೂರು ಕೋಟಿಯಲ್ಲಿ ಒಂದಕ್ಕಿಂತಲೂ ಕಮ್ಮಿ.

60 ಡಿಗ್ರಿಯೇ ಯಾಕೆ? ಕಾಗದ ಪೆನ್ಸಿಲ್ ತೆಗೆದುಕೊಂಡು ಮ್ಯಾಟ್ರಿಕ್ಸ್ ಗುಣಿಸಿ ನೋಡಿ, ಹತ್ತು ಸಾಲಿನ ಲೆಕ್ಕ. ಕೊನೆಯಲ್ಲಿ ಸೊನ್ನೆಯಲ್ಲಿ ಉಳಿದದ್ದು ಎರಡು ಭಾಗವಾಗಿ ಬರುತ್ತದೆ. ಒಂದು ಭಾಗದ ಮುಂದೆ, ಫೇಸ್ ಸಂಖ್ಯೆಯ (ಫೇಸ್ ಸೇರಿಸಲು ಗುಣಿಸುವ ಕಾಂಪ್ಲೆಕ್ಸ್ ಸಂಖ್ಯೆಯ) ವರ್ಗದಿಂದ ಅದೇ ಸಂಖ್ಯೆ ಕಳೆದು 1 ಕೂಡಿಸಿದ ಮೊತ್ತ ಕೂತಿರುತ್ತದೆ. 60 ಡಿಗ್ರಿಗೆ ಆ ಮೊತ್ತ ಸರಿಯಾಗಿ ಸೊನ್ನೆ. ಆ ಭಾಗ ಅಳಿಸಿಹೋಗಿ ಘನದ ಭಾಗವೊಂದೇ ಉಳಿಯುತ್ತದೆ. ಇದನ್ನು ಲವ್ ಗ್ರೋವರ್ 2005ರಲ್ಲಿ ಹುಡುಕಾಟದ ಅಲ್ಗಾರಿದಮ್ಮಿಗಾಗಿ ಕೊಟ್ಟರು, ಅದೇ ವರ್ಷ ಅವರು ಮತ್ತು ಬೆನ್ ರೈಕಾರ್ಟ್ ಸೇರಿ ಪಲ್ಸಿನ ತಪ್ಪು ತಿದ್ದಲು ಬಳಸಿ ತೋರಿಸಿದರು. ಅಲ್ಗಾರಿದಮ್ ಮತ್ತು ನಿಯಂತ್ರಣ ಒಂದೇ ಸೂತ್ರದಲ್ಲಿ ಸಿಗುವುದಕ್ಕೆ ಇದಕ್ಕಿಂತ ಚಂದದ ಉದಾಹರಣೆ ನನಗೆ ಗೊತ್ತಿಲ್ಲ.

ಕೋಡ್ ಬರೆಯುವಾಗ ಎಡವುವ ಜಾಗ ಮೂರನೇ ಸಾಲು. ಮೊದಲ ಮಟ್ಟದಲ್ಲಿ ಉಲ್ಟಾ ಪಲ್ಸ್ ಅಂದರೆ ಬಲದ ಚಿಹ್ನೆ ಬದಲಿಸಿದರೆ ಆಯಿತು. ಎರಡನೇ ಮಟ್ಟದಲ್ಲಿ ಉಲ್ಟಾ ಮಾಡಬೇಕಾದ್ದು ಇಡೀ ಐದು ಸಾಲನ್ನು. ಕೊನೆಯಿಂದ ಶುರುವಿಗೆ ಬರಬೇಕು, ಪ್ರತಿ ಪಲ್ಸ್ ತಿರುವಬೇಕು, 60 ಡಿಗ್ರಿಗಳು ಮೈನಸ್ 60 ಆಗಬೇಕು. ಈ ಮೈನಸ್ ಬಿಟ್ಟುಹೋದರೆ ಮೊದಲ ಮಟ್ಟ ಸರಿಯಾಗಿಯೇ ಬರುತ್ತದೆ, ಎರಡನೆಯದು ಹಾಳಾಗುತ್ತದೆ. ಫಂಕ್ಷನ್ನಿಗೆ ಎರಡು ಮಾಹಿತಿ ಕೊಡಿ: ಆಳ ಎಷ್ಟು, ನೇರವೋ ಉಲ್ಟಾವೋ. ಆಗ ಗೊಂದಲ ಇರುವುದಿಲ್ಲ.

ಇನ್ನು ಎರಡು ಮಿತಿ ನೆನಪಿಡಿ. ತಪ್ಪು ಪ್ರತಿ ಪಲ್ಸಿನಲ್ಲೂ ಒಂದೇ ಥರ ಇರಬೇಕು. ಒಂದೊಂದು ಸಲ ಒಂದೊಂದು ಥರ ತಪ್ಪಿದರೆ ಉಲ್ಟಾ ಪಲ್ಸ್ ನಿಜವಾದ ಉಲ್ಟಾ ಆಗುವುದಿಲ್ಲ. ಎರಡನೆಯದು, ಇದು ಸೊನ್ನೆಯನ್ನು ಒಂದಕ್ಕೆ ಒಯ್ಯುವ ಕೆಲಸಕ್ಕೆ ಮಾತ್ರ. ಯಾವ ಸ್ಥಿತಿ ಕೊಟ್ಟರೂ ಸರಿ ತಿರುಗಿಸುವ ಗೇಟ್ (ಕ್ಯೂಬಿಟ್ ಮೇಲೆ ಮಾಡುವ ಒಂದು ಮೂಲ ಕ್ರಿಯೆ) ಬೇಕಾದರೆ ವಿಂಪರಿಸ್ 1994ರಲ್ಲಿ ಕೊಟ್ಟ ಬಿಬಿ1 ಎಂಬ ಪಲ್ಸ್ ಸರಣಿ ನೋಡಿ.

ನಾಲ್ಕನೇ ಹೆಜ್ಜೆ: ಎಲ್ಲಿ ನಿಲ್ಲಿಸಬೇಕು

ಘನದ ಘನ ಅಂತ ಕೇಳಿದ ಕೂಡಲೇ ಇನ್ನೂ ಎರಡು ಮಟ್ಟ ಹೋಗೋಣ ಅನ್ನಿಸುತ್ತದೆ, ಅಲ್ವಾ? ಅಲ್ಲೇ ಗಡಿಯಾರ ನೋಡಬೇಕು.

ಪ್ರತಿ ಮಟ್ಟಕ್ಕೆ ಪಲ್ಸ್ ಮೂರು ಪಟ್ಟಾಗುತ್ತದೆ: 1, 3, 9, 27. ಫೇಸ್ ಸೇರಿಸುವುದಕ್ಕೆ ಹೊತ್ತು ಬೇಡ, ಮುಂದಿನ ಪಲ್ಸಿನ ಫೇಸನ್ನು ಕಂಪ್ಯೂಟರಿನಲ್ಲೇ ಬದಲಿಸಿದರೆ ಸಾಕು. ಪಲ್ಸಿಗೆ ಮಾತ್ರ ಹೊತ್ತು ಬೇಕು. ಒಂದಕ್ಕೆ 50 ನ್ಯಾನೋಸೆಕೆಂಡ್, ಕ್ಯೂಬಿಟ್ ತನ್ನ ಸ್ಥಿತಿ ಹಿಡಿದಿಡುವುದು 100 ಮೈಕ್ರೋಸೆಕೆಂಡ್ ಅಂದುಕೊಳ್ಳಿ. ಆಗ ಒಂದೊಂದು ಪಲ್ಸಿಗೂ ಅಂದಾಜು ಶೇ 0.05 ನಷ್ಟ.

ಈಗ ಎರಡನ್ನೂ ಕೂಡಿಸಿ. ರಿಕರ್ಶನ್ ಇಲ್ಲದೆ: 9.55ಕ್ಕೆ 0.05 ಸೇರಿ ಶೇ 9.6. ಒಂದು ಮಟ್ಟ: 0.087ಕ್ಕೆ 0.15 ಸೇರಿ ಶೇ 0.24. ಎರಡು ಮಟ್ಟ: ಪಲ್ಸಿನ ತಪ್ಪು ಇಲ್ಲವೇ ಇಲ್ಲ ಅನ್ನಬಹುದು, ಆದರೆ 9 ಪಲ್ಸಿನ ನಷ್ಟ ಶೇ 0.45. ಮೂರು ಮಟ್ಟ: 1.35. ಅಂದರೆ ಒಂದೇ ಮಟ್ಟ ಎಲ್ಲಕ್ಕಿಂತ ಒಳ್ಳೆಯದು. ಕಾಗದದ ಮೇಲೆ ನೂರು ಕೋಟಿಯಲ್ಲಿ ಒಂದು ಅನ್ನಿಸಿದ ಎರಡನೇ ಮಟ್ಟ ಯಂತ್ರದಲ್ಲಿ ಒಂದನೇ ಮಟ್ಟಕ್ಕಿಂತ ಕೆಟ್ಟದು.

ಪಲ್ಸನ್ನು ಮೊದಲೇ ಚೆನ್ನಾಗಿ ಕ್ಯಾಲಿಬ್ರೇಟ್ ಮಾಡಿ ಬಲದ ತಪ್ಪನ್ನು ಶೇ 2ಕ್ಕೆ ತಂದಿದ್ದರೆ? ಸೋಲು ಶೇ 0.1. ರಿಕರ್ಶನ್ ಇಲ್ಲದೆ ಒಟ್ಟು 0.15, ಒಂದು ಮಟ್ಟ ಹೋದರೂ 0.15. ಲಾಭವೇ ಇಲ್ಲ. ಹಾಗಾದರೆ ಈ ಉಪಾಯ ಯಾರಿಗೆ? ಕ್ಯಾಲಿಬ್ರೇಶನ್ ಮಾಡಲು ಆಗದವರಿಗೆ. ಒಂದೇ ಲೇಸರ್ ಕಿರಣದಡಿ ನೂರಾರು ಪರಮಾಣು ಇದ್ದರೆ ನಡುವಿನದಕ್ಕೆ ಬಲ ಜಾಸ್ತಿ, ಅಂಚಿನದಕ್ಕೆ ಕಮ್ಮಿ, ಒಂದೊಂದಕ್ಕೂ ಬೇರೆ ಬೇರೆ ತಿದ್ದಲು ಆಗುವುದಿಲ್ಲ. ಅಲ್ಲಿ ಇದು ನಿಜಕ್ಕೂ ಕೈಹಿಡಿಯುತ್ತದೆ.

ಐದನೇ ಹೆಜ್ಜೆ: ಅದೇ ರಿಕರ್ಶನ್, ಈಗ ಹುಡುಕಾಟಕ್ಕೆ

ಗ್ರೋವರ್ 1996ರಲ್ಲಿ ಕೊಟ್ಟ ಹುಡುಕಾಟದ ಅಲ್ಗಾರಿದಮ್, ಸರಿ ಉತ್ತರ ಸಿಗುವ ಸಾಧ್ಯತೆಯನ್ನು ಒಂದೊಂದು ಸುತ್ತಿಗೂ ಏರಿಸಲು ನೋಡುತ್ತದೆ. ಮೂರು ಕ್ಯೂಬಿಟ್, ಎಂಟು ಸಾಧ್ಯ ಉತ್ತರ, ಒಂದು ಸರಿ. ಒಂದು ಸುತ್ತಿಗೆ ಗೆಲುವು ಶೇ 78, ಎರಡು ಸುತ್ತಿಗೆ ಶೇ 94.5. ಇಷ್ಟು ಹೇಳಿದಾಗ ಕುಮಟಾದ ಒಬ್ಬ ಹುಡುಗ ಕೇಳಿದ, "ಸರ್, ಇನ್ನೊಂದು ಸುತ್ತು ಓಡಿಸಿದ್ರೆ ಪೂರ್ತಿ ಖಾತ್ರಿ ಆಗ್ತದಲ್ವಾ?" ಇಲ್ಲ ತಮ್ಮಾ. ಮೂರನೇ ಸುತ್ತಿಗೆ ಅದು ಶೇ 33ಕ್ಕೆ ಬೀಳುತ್ತದೆ. ಕುಮಟಾದಲ್ಲಿ ಬಸ್ ಹತ್ತಿ ಅಂಕೋಲಾದಲ್ಲಿ ಇಳಿಯಬೇಕಾದವರು ನಿದ್ದೆ ಹೋಗಿ ಕಾರವಾರ ಮುಟ್ಟಿದ ಹಾಗೆ, ಗ್ರೋವರ್ ಸುತ್ತುಗಳು ಊರು ದಾಟಿ ಮುಂದೆ ಹೋಗಿಬಿಡುತ್ತವೆ. ಸರಿ ಉತ್ತರ ಎಷ್ಟಿವೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಎಲ್ಲಿ ಇಳಿಯಬೇಕು ಅನ್ನುವುದೂ ಗೊತ್ತಾಗುವುದಿಲ್ಲ.

60 ಡಿಗ್ರಿಯ ರಿಕರ್ಶನ್‌ಗೆ ಈ ತೊಂದರೆ ಇಲ್ಲ. ಶುರುವಿನ ಸ್ಥಿತಿಗೆ, ಸರಿ ಉತ್ತರಕ್ಕೆ ಗ್ರೋವರ್ ಸುತ್ತಿನಲ್ಲಿ ಕೊಡುವ 180ರ ಬದಲು 60 ಡಿಗ್ರಿ ಫೇಸ್ ಕೊಡಿ, ಉಳಿದದ್ದು ಮೂರನೇ ಹೆಜ್ಜೆಯ ಐದು ಸಾಲುಗಳೇ. ಸೋಲು ಪ್ರತಿ ಮಟ್ಟಕ್ಕೂ ಘನವಾಗಿ ಇಳಿಯುತ್ತಲೇ ಹೋಗುತ್ತದೆ, ತಿರುಗಿ ಏರುವುದಿಲ್ಲ. ಎಂಟರಲ್ಲಿ ಒಂದಕ್ಕೆ ಲೆಕ್ಕ ಹಾಕಿದರೆ ಗೆಲುವು ಶೇ 12.5ರಿಂದ ಶುರುವಾಗಿ 33, 70, 97.3.

ಬೆಲೆ ಏನು? ಸರಿ ಉತ್ತರವನ್ನು ಗುರುತಿಸುವ ಹೆಜ್ಜೆ ಎಷ್ಟು ಸಲ ಬೇಕು ಅನ್ನುವುದು ಹಿಂದಿನ ಮಟ್ಟದ ಮೂರು ಪಟ್ಟಿಗೆ ಒಂದು ಸೇರಿಸಿದಷ್ಟು: 0, 1, 4, 13. ಗ್ರೋವರ್ 2 ಸಲಕ್ಕೆ ಶೇ 94.5 ಕೊಟ್ಟಿದ್ದಕ್ಕೆ ಇಲ್ಲಿ 13 ಸಲಕ್ಕೆ ಶೇ 97. ಪಟ್ಟಿ ದೊಡ್ಡದಾದ ಹಾಗೆ ಗ್ರೋವರ್ ಕೊಡುವ ವರ್ಗಮೂಲದ ಲಾಭವೇ (ಪಟ್ಟಿಯ ಉದ್ದದ ವರ್ಗಮೂಲದಷ್ಟು ಸುತ್ತು ಸಾಕು ಅನ್ನುವುದೇ) ಕೈತಪ್ಪುತ್ತದೆ. ನನ್ನ ಅಭಿಪ್ರಾಯ ನೇರ: ಸರಿ ಉತ್ತರಗಳ ಸಂಖ್ಯೆ ಗೊತ್ತಿದ್ದರೆ ಇದನ್ನು ಬಳಸಬೇಡಿ. ಶುರುವಿನಲ್ಲೇ ಗೆಲುವಿನ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇದ್ದು, ಎಷ್ಟು ಜಾಸ್ತಿ ಅಂತ ಗೊತ್ತಿಲ್ಲದಿದ್ದರೆ ಖಂಡಿತ ಬಳಸಿ. ಎರಡೂ ಬೇಕು ಅನ್ನುವವರಿಗೆ 2014ರಲ್ಲಿ ಯೋಡರ್, ಲೋ, ಚುವಾಂಗ್ ಮೂವರು ಸೇರಿ, 60 ಡಿಗ್ರಿಯ ಬದಲು ಬೇರೆ ಫೇಸ್‌ಗಳ ಸರಣಿ ಕೊಟ್ಟು, ಊರು ದಾಟದ ಗುಣವನ್ನೂ ವರ್ಗಮೂಲದ ಲಾಭವನ್ನೂ ಒಟ್ಟಿಗೆ ಉಳಿಸಿದರು. ಇದು ಮುಗಿದ ಮೇಲೆ ಅದನ್ನು ಓದಿ.

ಆರನೇ ಹೆಜ್ಜೆ: ನಿಮ್ಮದೇ ರಿಕರ್ಶನ್ ಬರೆಯುವಾಗ

ಮೊದಲು ಕೊಂಬೆ ಎಣಿಸಿ. ಒಂದು ಮಟ್ಟ ತನ್ನ ಕೆಳಗಿನ ಮಟ್ಟವನ್ನು ಎಷ್ಟು ಸಲ ಕರೆಯುತ್ತದೆ? ಸ್ಥಿತಿಯಲ್ಲಿ ಅಡಗಿದ ಆವರ್ತನೆಯನ್ನು ಹೊರತೆಗೆಯುವ ಕ್ವಾಂಟಮ್ ಫೂರಿಯರ್ ಟ್ರಾನ್ಸ್‌ಫಾರ್ಮ್ ಒಂದೇ ಸಲ ಕರೆಯುತ್ತದೆ: ಒಂದು ಕ್ಯೂಬಿಟ್ಟಿಗೆ ಹಾಡಮಾರ್ಡ್ ಗೇಟ್ (ಸೊನ್ನೆಯನ್ನು ಸೊನ್ನೆ, ಒಂದರ ಸಮ ಮಿಶ್ರಣ ಮಾಡುವುದು), ಉಳಿದವುಗಳ ಜೊತೆ ಒಂದೊಂದು ಫೇಸ್ ಗೇಟ್, ಆಮೇಲೆ ಉಳಿದ ಕ್ಯೂಬಿಟ್‌ಗಳ ಮೇಲೆ ಅದೇ ಕೆಲಸ. 5 ಕ್ಯೂಬಿಟ್ಟಿಗೆ 15 ಗೇಟ್, 20ಕ್ಕೆ 210, ಕೊನೆಗೆ ಕ್ಯೂಬಿಟ್‌ಗಳ ಕ್ರಮ ತಿರುವುವುದು ಬೇರೆ. ಇದು ಅಗ್ಗದ ರಿಕರ್ಶನ್, ಧೈರ್ಯವಾಗಿ ಆಳಕ್ಕೆ ಹೋಗಿ. ನಮ್ಮ 60 ಡಿಗ್ರಿಯದು ಮೂರು ಸಲ ಕರೆಯುತ್ತದೆ. ಗದ್ದಲದಿಂದ ಕ್ಯೂಬಿಟ್ ಕಾಪಾಡಲು ಖೊಡ್ಜಸ್ತೆ, ಲಿಡಾರ್ 2005ರಲ್ಲಿ ಕೊಟ್ಟ ಪಲ್ಸ್ ಸರಣಿ ನಾಲ್ಕು ಸಲ. ಕ್ವಾಂಟಮ್ ವ್ಯವಸ್ಥೆಗಳ ಚಲನೆಯನ್ನು ಲೆಕ್ಕಹಾಕುವ ಸುಜುಕಿಯ ಸಿಮ್ಯುಲೇಶನ್ ಸೂತ್ರ ಐದು ಸಲ, ಕೆಲವೇ ಗೇಟುಗಳಿಂದ ಯಾವ ಗೇಟನ್ನಾದರೂ ಹತ್ತಿರಹತ್ತಿರ ಕಟ್ಟುವ ಸೊಲೊವೇ-ಕಿಟೇವ್ ವಿಧಾನ ಕೂಡ ಐದು. ಇವೆಲ್ಲ ಒಂದೆರಡು ಮಟ್ಟಕ್ಕೇ ಗಡಿಯಾರಕ್ಕೆ ಡಿಕ್ಕಿ ಹೊಡೆಯುತ್ತವೆ.

ಆಮೇಲೆ ಕಸ. ಮಾಮೂಲಿ ಪ್ರೋಗ್ರಾಮಿನಲ್ಲಿ ಒಳಗಿನ ಕರೆ ಮುಗಿದರೆ ಅದರ ನಡುವಿನ ಲೆಕ್ಕವನ್ನು ಎಸೆಯಬಹುದು. ಇಲ್ಲಿ ಎಸೆಯಲು ಆಗುವುದಿಲ್ಲ. ಎಸೆದ ಕ್ಯೂಬಿಟ್ ಉತ್ತರದ ಜೊತೆ ಹೆಣೆದುಕೊಂಡಿದ್ದರೆ ಮುಂದಿನ ಮಟ್ಟದಲ್ಲಿ ಅಲೆಗಳು ಕೂಡಬೇಕಾದ ಕಡೆ ಕೂಡುವುದಿಲ್ಲ, ಕಳೆಯಬೇಕಾದ ಕಡೆ ಕಳೆಯುವುದಿಲ್ಲ. ಹಾಗಾಗಿ ಉತ್ತರವನ್ನು ಬೇರೆ ಕ್ಯೂಬಿಟ್ಟಿಗೆ ಬರೆದುಕೊಂಡು, ಮಾಡಿದ್ದನ್ನೆಲ್ಲ ಉಲ್ಟಾ ಓಡಿಸಿ ಕಸ ತೊಳೆಯಬೇಕು. ಇದರಿಂದ ಪ್ರತಿ ಮಟ್ಟದ ಖರ್ಚು ಎರಡರಷ್ಟಾಗುತ್ತದೆ, ಹತ್ತು ಮಟ್ಟಕ್ಕೆ 1024 ಪಟ್ಟು. ಬರ್ನ್‌ಸ್ಟೈನ್, ವಜೀರಾನಿ 1993ರಲ್ಲಿ ಕೊಟ್ಟ, ಒಂದರೊಳಗೊಂದು ಒಗಟು ಬಿಡಿಸುವ ರಿಕರ್ಸಿವ್ ಫೂರಿಯರ್ ಸ್ಯಾಂಪ್ಲಿಂಗ್‌ನಲ್ಲಿ ಈ ಖರ್ಚು ಕಣ್ಣಿಗೆ ಕಾಣುವ ಹಾಗಿದೆ.

ನಡುವೆ ಅಳೆಯಬೇಡಿ. ಒಳಗಿನ ಮಟ್ಟ ಸರಿ ಬಂತಾ ಅಂತ ಇಣುಕಿದರೆ ಉಲ್ಟಾ ಓಡಿಸುವ ದಾರಿಯೇ ಮುಚ್ಚುತ್ತದೆ. ಸಿಮ್ಯುಲೇಟರಿನಲ್ಲಿ ಸಂಖ್ಯೆಗಳನ್ನು ನೇರ ನೋಡಬಹುದು, ಅಲ್ಲಿ ನೋಡಿಕೊಳ್ಳಿ. ರಿಕರ್ಶನ್ ನಡೆಯಬೇಕಾದ್ದು ಪೈಥಾನಿನಲ್ಲಿ. ಅದು ಒಂದು ಉದ್ದ ಗೇಟ್ ಪಟ್ಟಿ ತಯಾರಿಸುತ್ತದೆ, ಯಂತ್ರಕ್ಕೆ ಹೋಗುವುದು ಆ ಪಟ್ಟಿ ಮಾತ್ರ. ಪಟ್ಟಿಯ ಉದ್ದವನ್ನು ಓಡಿಸುವ ಮೊದಲೇ ಎಣಿಸಿ, ಒಂದು ಗೇಟಿನ ಹೊತ್ತಿನಿಂದ ಗುಣಿಸಿ, ಕ್ಯೂಬಿಟ್ಟಿನ ಆಯಸ್ಸಿನ ಪಕ್ಕ ಇಡಿ.

ಈ ವಾರಕ್ಕೆ ಒಂದು ಕೆಲಸ. ಮೂರನೇ ಹೆಜ್ಜೆಯ ಫಂಕ್ಷನ್ ಬರೆದು, ಬಲದ ತಪ್ಪನ್ನು ಶೇ 1ರಿಂದ 40ರವರೆಗೆ ಬದಲಿಸುತ್ತಾ, ಕ್ಯೂಬಿಟ್ಟಿನ ಆಯಸ್ಸನ್ನು 20, 100, 500 ಮೈಕ್ರೋಸೆಕೆಂಡ್ ಇಟ್ಟು, ಪ್ರತಿಯೊಂದಕ್ಕೂ ಯಾವ ಆಳ ಎಲ್ಲಕ್ಕಿಂತ ಒಳ್ಳೆಯದು ಅನ್ನುವ ಪಟ್ಟಿ ಮಾಡಿ. ಅದಾದ ಮೇಲೆ ಬಲದ ತಪ್ಪಿನ ಜೊತೆ ಫ್ರೀಕ್ವೆನ್ಸಿ ತಪ್ಪನ್ನೂ ಸೇರಿಸಿ ಮತ್ತೆ ಓಡಿಸಿ. ಈ ಸಲ ಘನದ ನಿಯಮ ಮುರಿಯುತ್ತದೆ, ಯಾಕೆಂದರೆ ಬಲದ ಚಿಹ್ನೆ ಬದಲಿಸಿದರೂ ಫ್ರೀಕ್ವೆನ್ಸಿ ತಪ್ಪಿನ ಚಿಹ್ನೆ ಬದಲಾಗುವುದಿಲ್ಲ, ಮೂರನೇ ಸಾಲಿನ ಉಲ್ಟಾ ಪಲ್ಸ್ ಪೂರ್ತಿ ಉಲ್ಟಾ ಆಗಿರುವುದಿಲ್ಲ. ಎಷ್ಟು ಫ್ರೀಕ್ವೆನ್ಸಿ ತಪ್ಪಿನವರೆಗೆ ಒಂದನೇ ಮಟ್ಟದಿಂದ ಇನ್ನೂ ಲಾಭ ಇದೆ ಅನ್ನುವುದನ್ನು ಗ್ರಾಫಿನಲ್ಲಿ ಗುರುತು ಹಾಕಿ.